ಹೊರಗೆ ಕಾಲಿಡದ ಬೆಕ್ಕಿಗೆ ಚಿಗಟ: ಮೈಸೂರಿನ ಒಂದು ಪ್ರಕರಣ

ನಾನು ಸಾಕುಪ್ರಾಣಿಗಳ ಡಾಕ್ಟರ್. ಚಿಗಟದ ಕೇಸು ನಮ್ಮಲ್ಲಿ ಮಳೆಗಾಲದುದ್ದಕ್ಕೂ ಬರುತ್ತಲೇ ಇರುತ್ತವೆ. ಅವುಗಳಲ್ಲಿ ಇದೊಂದನ್ನು ಪೂರ್ತಿಯಾಗಿ ಬರೆಯಲು ಕಾರಣವಿದೆ. ಈ ಮನೆಯಲ್ಲಿ ಯಾರೂ ಅಸಡ್ಡೆ ಮಾಡಲಿಲ್ಲ. ಎಲ್ಲರಿಗೂ ಬೆಕ್ಕೆಂದರೆ ಪ್ರಾಣ. ಆದರೂ ಬೆಕ್ಕು ಸಾಯುವ ಹಂತಕ್ಕೆ ಹೋಗಿ ಬಂತು, ಚಿಗಟ ಮಾತ್ರ ಬಹಳ ದಿನ ಜಗ್ಗಲಿಲ್ಲ. ಯಾವ ಹಂತದಲ್ಲಿ ಏನು ನಿರ್ಧಾರ ಮಾಡಿದೆವು, ಅದು ಯಾಕೆ ಸರಿಹೋಯಿತು ಅಥವಾ ಕೈಕೊಟ್ಟಿತು ಎಂದು ತಿಳಿದರೆ ಬೇರೆ ಮನೆಗಳಿಗೂ ಉಪಯೋಗ. ಮನೆಯವರ ಒಪ್ಪಿಗೆ ಪಡೆದಿದ್ದೇನೆ. ಬೆಕ್ಕಿನ ಹೆಸರು ಬದಲಿಸಿದ್ದೇನೆ, ಗುರುತು ಸಿಗುವ ಕೆಲವು ವಿವರಗಳನ್ನೂ ಬದಲಿಸಿದ್ದೇನೆ.

ಮನೆ ಮತ್ತು ಬೆಕ್ಕು

ಹಳೇ ಕಾಲದ ಮನೆ. ಮಹಡಿಯಲ್ಲಿ ಮನೆ ಓನರ್, ಕೆಳಗೆ ಬಾಡಿಗೆಗೆ ಈ ಕುಟುಂಬ. ರೆಡ್ ಆಕ್ಸೈಡ್ ನೆಲ, ಅಲ್ಲಲ್ಲಿ ಬಿರುಕು. ಅಡುಗೆಮನೆಯ ಪಕ್ಕ ಒಂದು ಸಾಮಾನು ಕೋಣೆ, ಅದರಾಚೆ ಹಿತ್ತಿಲ ಬಾಗಿಲು. ಗಂಡ, ಹೆಂಡತಿ, ಅಜ್ಜಿ, 9 ವರ್ಷದ ಮಗಳು. ಜೊತೆಗೆ ಚಿನ್ನಿ.

ಚಿನ್ನಿಗೆ 4 ವರ್ಷ. ಬಿಳಿ ಮೈ, ಬಾಲ ಮಾತ್ರ ಕಂದು. ಮಕ್ಕಳಾಗದ ಆಪರೇಷನ್ ಆಗಿದೆ, ಲಸಿಕೆ ಒಂದೂ ತಪ್ಪಿಲ್ಲ. ತೂಕ 3.6 ಕೆಜಿ. ಕಿಟಕಿಗಳಿಗೆಲ್ಲ ಜಾಲರಿ ಹಾಕಿಸಿದ್ದರು. ಅವಳು ಹೊಸ್ತಿಲು ದಾಟಿದ್ದೇ ಇಲ್ಲ. ಹಾಗಾಗಿ ಚಿಗಟ ಇರಬಹುದು ಎಂಬ ಯೋಚನೆಯೇ ಯಾರಿಗೂ ಬರಲಿಲ್ಲ. ಮನೆಯೊಳಗಿನ ಬೆಕ್ಕಿಗೆ ಪ್ರತಿ ತಿಂಗಳು ಹಾಕುವ ಚಿಗಟದ ಹನಿ ಔಷಧಿಯನ್ನೂ ಅವರು ಹಾಕುತ್ತಿರಲಿಲ್ಲ.

ತುರಿಕೆ ಶುರುವಾದದ್ದು

ಜೂನ್ ಕೊನೆಗೆ ಮಳೆ ಹಿಡಿಯಿತು. ಮಗಳ ಕಾಲಲ್ಲಿ ಕೆಂಪು ಗುಳ್ಳೆ ಎದ್ದವು. ಮೊಣಕಾಲಿನಿಂದ ಕೆಳಗೆ, ಪಾದದ ಗಂಟಿನ ಸುತ್ತ, ಮೂರು ನಾಲ್ಕು ಒಟ್ಟೊಟ್ಟಿಗೆ. ಸೊಳ್ಳೆ ಅಂದುಕೊಂಡು ಸೊಳ್ಳೆಪರದೆ ಕಟ್ಟಿದರು. ಕಡಿಮೆಯಾಗಲಿಲ್ಲ. ಸೊಳ್ಳೆ ಕೈ, ಮುಖ, ಕುತ್ತಿಗೆ ಎಲ್ಲಾದರೂ ಕಚ್ಚುತ್ತದೆ. ಚಿಗಟ ನೆಲದಿಂದ ಹಾರುವ ಹುಳ, ಅದಕ್ಕೆ ಮೊದಲು ಸಿಗುವುದೇ ಕಾಲು. ಅಜ್ಜಿಗೂ ಹಾಗೇ ಕಚ್ಚಿತ್ತು. ಮನೆಯ ಯಜಮಾನರಿಗೆ ಮಾತ್ರ ಒಂದು ಗುಳ್ಳೆಯೂ ಇಲ್ಲ. ಕೆಲವರ ಚರ್ಮ ಚಿಗಟದ ಕಡಿತಕ್ಕೆ ಏನೂ ತೋರಿಸುವುದಿಲ್ಲ. "ಮನೆಯಲ್ಲಿ ಹುಳ ಇದ್ದಿದ್ರೆ ನನಗೂ ಕಚ್ಚಬೇಕಿತ್ತಲ್ವಾ" ಎಂದು ಅವರು ಮಾತು ಮುಗಿಸಿಬಿಟ್ಟಿದ್ದರು.

ಅಷ್ಟರಲ್ಲಿ ಚಿನ್ನಿ ಮೈ ನೆಕ್ಕಿಕೊಳ್ಳುವುದು ಜಾಸ್ತಿಯಾಯಿತು. ಬಾಲದ ಬುಡದಲ್ಲಿ ಕೂದಲು ತೆಳುವಾಯಿತು. ಕುತ್ತಿಗೆ ಸವರಿದರೆ ಕೈಗೆ ಸಣ್ಣ ಹಕ್ಕಳೆಗಳು ಸಿಗುತ್ತಿದ್ದವು. ಮನೆಯವರು ಕೂದಲು ಬಿಡಿಸಿ ನೋಡಿದರು, ಹುಳ ಕಾಣಲಿಲ್ಲ. ಇದು ಬಹಳ ಮನೆಗಳಲ್ಲಿ ದಾರಿ ತಪ್ಪಿಸುತ್ತದೆ. ಬೆಕ್ಕು ನೆಕ್ಕುವಾಗ ಚಿಗಟವನ್ನು ಹಿಡಿದು ನುಂಗಿಬಿಡುತ್ತದೆ. ಚಿಗಟದ ಜೊಲ್ಲಿಗೆ ಅಲರ್ಜಿ ಇರುವ ಬೆಕ್ಕಿಗೆ ಕೆಲವೇ ಕಡಿತ ಬಿದ್ದರೂ ಮೈಯೆಲ್ಲ ತುರಿಕೆ. ಹುಳ ಕಾಣದಿದ್ದ ಮಾತ್ರಕ್ಕೆ ಹುಳ ಇಲ್ಲ ಅಂತಲ್ಲ.

ಮೊದಲು ಗಮನಿಸಿದವರು ಅಜ್ಜಿ. ಬಿಳಿ ಹಾಸಿನ ಮೇಲೆ ಚಿನ್ನಿ ಮಲಗಿ ಎದ್ದ ಜಾಗದಲ್ಲಿ ಸಣ್ಣ ಕರಿ ಪುಡಿ ಉದುರಿರುತ್ತಿತ್ತು. ಕೊಡವಿದರೂ ಮಾರನೇ ದಿನ ಮತ್ತೆ. "ಇದು ಮಣ್ಣಲ್ಲ, ಮಣ್ಣು ದಿನಾ ಒಂದೇ ಜಾಗದಲ್ಲಿ ಬೀಳಲ್ಲ" ಎಂದು ಹೇಳಿದ್ದರಂತೆ. ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಮನೆಯಲ್ಲೇ ಮಾಡಿದ್ದು

ಮೊದಲು ಸ್ನಾನ. ಮಗುವಿನ ಶಾಂಪೂ ಹಾಕಿ ತೊಳೆದರು. ಚಿನ್ನಿ ಪರಚಿದಳು, ಎರಡು ದಿನ ಮಂಚದ ಕೆಳಗಿಂದ ಬರಲಿಲ್ಲ. ಆಮೇಲೆ ಬೇವಿನ ಸೊಪ್ಪು ಕುದಿಸಿದ ನೀರು. ಅದಾದ ಮೇಲೆ ಬೇವಿನೆಣ್ಣೆ ಸವರಿದರು, ಅದನ್ನು ನೆಕ್ಕಿ ಜೊಲ್ಲು ಸುರಿಸಿದಳು. ಯಾರೋ ಊಟಕ್ಕೆ ಬೆಳ್ಳುಳ್ಳಿ ಬೆರೆಸಿ ಎಂದಿದ್ದರು. ಅಜ್ಜಿ ಬೇಡವೆಂದರು, ಪುಣ್ಯ. ಬೆಳ್ಳುಳ್ಳಿ, ಈರುಳ್ಳಿ ಎರಡೂ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ.

ನೆಲಕ್ಕೆ ಕಪ್ಪು ಫಿನಾಯಿಲ್ ಜಾಸ್ತಿ ಹಾಕಿ ಒರೆಸತೊಡಗಿದರು. ಇದನ್ನು ನಾನು ಬೇಕೆಂದೇ ಎತ್ತಿ ಹೇಳುತ್ತಿದ್ದೇನೆ. ಕಪ್ಪು ಫಿನಾಯಿಲ್‌ನಲ್ಲಿ ಫೀನಾಲ್ ಜಾತಿಯ ರಾಸಾಯನಿಕ ಇರುತ್ತದೆ. ಬೆಕ್ಕಿನ ಲಿವರ್‌ಗೆ ಅದನ್ನು ಸರಿಯಾಗಿ ಕರಗಿಸಿ ಹೊರಹಾಕುವ ಶಕ್ತಿಯಿಲ್ಲ. ಒದ್ದೆ ನೆಲದ ಮೇಲೆ ನಡೆದು, ಆಮೇಲೆ ಪಾದ ನೆಕ್ಕಿಕೊಂಡರೆ ಅಷ್ಟೂ ಹೊಟ್ಟೆಗೆ ಹೋಗುತ್ತದೆ. ನಮ್ಮ ಮನೆಗಳಲ್ಲಿ ಶುಚಿ ಎಂದರೆ ಫಿನಾಯಿಲ್ ವಾಸನೆ. ಬೆಕ್ಕಿರುವ ಮನೆಗೆ ಅದು ಒಗ್ಗುವುದಿಲ್ಲ.

ಇದರ ನಡುವೆ ಒಂದು ಜಗಳವೂ ಆಯಿತು. ಮಹಡಿಯಲ್ಲಿ ಓನರ್ ನಾಯಿ ಸಾಕಿದ್ದರು. ಅದರಿಂದಲೇ ಬಂದಿದೆ ಎಂದು ಇವರು ಹೇಳಿದರು, ಅವರಿಗೆ ಬೇಜಾರಾಯಿತು. ಮೆಟ್ಟಿಲಲ್ಲಿ ಸಿಕ್ಕರೂ ಮಾತಿಲ್ಲ ಅನ್ನುವಷ್ಟು.

ನಾಯಿಯ ಔಷಧಿ

ಜುಲೈಯ ಒಂದು ಸಂಜೆ ಯಜಮಾನರು ಪೆಟ್ ಶಾಪ್‌ಗೆ ಹೋಗಿ "ಬೆಕ್ಕಿಗೆ ಉಣ್ಣೆ ಔಷಧಿ ಕೊಡಿ" ಎಂದರು. ಬೆಕ್ಕಿನದು ಸ್ಟಾಕ್ ಇರಲಿಲ್ಲ. "ಇದು ನಾಯೀದು ಸರ್, ಎರಡೂ ಒಂದೇ. ಬೆಕ್ಕು ಚಿಕ್ಕದಲ್ವಾ, ಕಾಲು ಭಾಗ ಹಾಕಿ ಸಾಕು" ಎಂದು ಅಂಗಡಿಯಲ್ಲಿ ಕೊಟ್ಟರು. ಟ್ಯೂಬಿನ ಮೇಲೆ ಸಣ್ಣಕ್ಷರದಲ್ಲಿ ಪರ್ಮೆಥ್ರಿನ್ ಎಂದಿತ್ತು. ಬೆಕ್ಕಿನ ಚಿತ್ರದ ಮೇಲೆ ಅಡ್ಡಗೆರೆ ಎಳೆದ ಗುರುತೂ ಇತ್ತು. ಮನೆಗೆ ತಂದು ಚಿನ್ನಿಯ ಕುತ್ತಿಗೆಗೆ ಸ್ವಲ್ಪವೇ ಹಾಕಿದರು.

ರಾತ್ರಿ ಹತ್ತರ ಹೊತ್ತಿಗೆ ಮನೆಯಾಕೆ ಫೋನ್ ಮಾಡಿದರು. ಚಿನ್ನಿಯ ಕಿವಿ ಪಟಪಟ ಅದುರುತ್ತಿದೆ, ಬೆನ್ನಿನ ಚರ್ಮ ತಾನಾಗಿ ಕುಣಿಯುತ್ತಿದೆ, ನಡೆದರೆ ವಾಲುತ್ತಾಳೆ. "ಬೆಳಿಗ್ಗೆ ಕರ್ಕೊಂಡು ಬರ್ಲಾ ಡಾಕ್ಟ್ರೇ?" ಎಂದು ಕೇಳಿದರು. ಏನು ಹಾಕಿದಿರಿ ಎಂದು ಕೇಳಿದೆ. ಟ್ಯೂಬಿನ ಮೇಲಿದ್ದದ್ದನ್ನು ಓದಿ ಹೇಳಿದರು. ಬೆಳಗಿನವರೆಗೆ ಕಾಯುವ ಮಾತೇ ಇರಲಿಲ್ಲ.

ಫೋನಿನಲ್ಲೇ ಹೇಳಿದ್ದು ಇಷ್ಟು. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಔಷಧಿ ಬಿದ್ದ ಜಾಗವನ್ನು ತೊಳೆಯಿರಿ. ನೀರು ಉಗುರುಬೆಚ್ಚಗಿರಲಿ. ಬಿಸಿ ಇದ್ದರೆ ಚರ್ಮದ ರಕ್ತನಾಳ ಹಿಗ್ಗಿ ವಿಷ ಇನ್ನೂ ಒಳಗೆ ಹೋಗುತ್ತದೆ. ತಣ್ಣಗಿದ್ದರೆ ಮೈ ತಣ್ಣಗಾಗಿ ನಡುಕ ಹೆಚ್ಚುತ್ತದೆ. ತಕ್ಷಣ ಒಣಬಟ್ಟೆಯಲ್ಲಿ ಸುತ್ತಿ ಕರೆತನ್ನಿ. ಆ ಟ್ಯೂಬನ್ನೂ ತನ್ನಿ.

ಕ್ಲಿನಿಕ್ಕಿಗೆ ಬರುವಷ್ಟರಲ್ಲಿ ಇಡೀ ಮೈ ನಡುಗುತ್ತಿತ್ತು. ಪರ್ಮೆಥ್ರಿನ್ ನರಗಳ ಮೇಲೆ ಕೆಲಸ ಮಾಡುವ ವಿಷ. ನರದೊಳಗೆ ಸೋಡಿಯಂ ಹೋಗುವ ಬಾಗಿಲನ್ನು ಮುಚ್ಚಲು ಬಿಡುವುದಿಲ್ಲ, ಹಾಗಾಗಿ ನರ ಸುಮ್ಮನಿರದೆ ಮತ್ತೆ ಮತ್ತೆ ಸಂದೇಶ ಕಳಿಸುತ್ತದೆ. ನಾಯಿಯ ಲಿವರ್ ಅದನ್ನು ಬೇಗ ಒಡೆದು ಹಾಕುತ್ತದೆ. ಅದಕ್ಕೆ ಬೇಕಾದ ಕಿಣ್ವ ಬೆಕ್ಕಿನಲ್ಲಿ ಬಹಳ ಕಡಿಮೆ. ನಾಯಿಯ ಹನಿ ಔಷಧಿಗಳಲ್ಲಿ ಪರ್ಮೆಥ್ರಿನ್ ಗಟ್ಟಿಯಾಗಿಯೇ ಇರುತ್ತದೆ, ಕೆಲವುದರಲ್ಲಿ ಅರ್ಧದಷ್ಟು ಅದೇ. ತೂಕದ ಲೆಕ್ಕ ಹಾಕಿ "ಕಾಲು ಭಾಗ" ಹಾಕಿದರೆ ಸರಿಹೋಗುತ್ತದೆ ಅನ್ನುವಂಥದ್ದಲ್ಲ ಇದು. ಬೆಕ್ಕಿಗೆ ಅದರ ಸ್ವಲ್ಪವೂ ಜಾಸ್ತಿಯೇ.

ನಡುಕ ತಗ್ಗಿಸಲು ಮೆಥೋಕಾರ್ಬಮಾಲ್ ಇಂಜೆಕ್ಷನ್ ಕೊಟ್ಟೆವು. ಫಿಟ್ಸ್ ಬರದಂತೆ ಔಷಧಿ, ಡ್ರಿಪ್, ಮೈ ಬೆಚ್ಚಗಿಡುವುದು. ಕತ್ತಲೆಯ ಕೋಣೆಯಲ್ಲಿ, ಸದ್ದಿಲ್ಲದ ಕಡೆ ಇಟ್ಟೆವು, ಯಾಕೆಂದರೆ ಮುಟ್ಟಿದರೂ ನಡುಕ ಏರುತ್ತಿತ್ತು. ಮಾರನೇ ದಿನವೂ ನಡುಕ ಪೂರ್ತಿ ನಿಂತಿರಲಿಲ್ಲ. ಅದರ ಮಾರನೇ ಬೆಳಿಗ್ಗೆ ತಾನಾಗಿ ಎದ್ದು ಊಟದ ತಟ್ಟೆ ಮೂಸಿದಳು. ಬೇಗ ತೊಳೆದದ್ದು, ಟ್ಯೂಬ್ ಕೈಯಲ್ಲೇ ತಂದದ್ದು, ಈ ಎರಡು ಅವಳನ್ನು ಉಳಿಸಿದವು ಎಂದು ನನಗೆ ಅನಿಸುತ್ತದೆ. ಏನು ವಿಷ ಎಂದು ಗೊತ್ತಿಲ್ಲದೆ ಬರುವ ಬೆಕ್ಕುಗಳಲ್ಲಿ ಆ ಹುಡುಕಾಟಕ್ಕೇ ಹೊತ್ತು ಹೋಗುತ್ತದೆ.

ಒದ್ದೆ ಹತ್ತಿ

ಮನೆಗೆ ಕಳಿಸುವ ಮೊದಲು ಎಲ್ಲರನ್ನೂ ಮೇಜಿನ ಸುತ್ತ ನಿಲ್ಲಿಸಿದೆ. ಬಿಳಿ ಹಾಳೆ ಹಾಸಿ, ಹೇನಿನ ಬಾಚಣಿಗೆಯಂಥ ಸಣ್ಣ ಹಲ್ಲಿನ ಬಾಚಣಿಗೆಯಿಂದ ಚಿನ್ನಿಯ ಬಾಲದ ಬುಡವನ್ನು ಮೆಲ್ಲಗೆ ಬಾಚಿದೆ. ಕೂದಲಿನ ಜೊತೆ ಕರಿ ಪುಡಿ ಹಾಳೆಗೆ ಉದುರಿತು. ಅಜ್ಜಿ ಹಾಸಿನ ಮೇಲೆ ಕಂಡದ್ದೂ ಇದನ್ನೇ. ಅದರಲ್ಲಿ ಸ್ವಲ್ಪವನ್ನು ಒದ್ದೆ ಹತ್ತಿಯ ಮೇಲೆ ಇಟ್ಟೆ. ಮೊದಲು ಏನೂ ಆಗಲಿಲ್ಲ. ಒಂದು ನಿಮಿಷದಲ್ಲಿ ಪ್ರತಿ ಕರಿ ಚುಕ್ಕೆಯ ಸುತ್ತ ಕಂದುಗೆಂಪು ಬಣ್ಣ ಹರಡತೊಡಗಿತು. ಮಣ್ಣಾಗಿದ್ದರೆ ಕಪ್ಪಾಗಿಯೇ ಇರುತ್ತಿತ್ತು. ಇದು ಚಿಗಟದ ಹಿಕ್ಕೆ. ಅಂದರೆ ಅರೆಬರೆ ಜೀರ್ಣವಾದ, ಒಣಗಿದ ಬೆಕ್ಕಿನ ರಕ್ತ.

ಯಜಮಾನರು ಹತ್ತಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಅವರು ಚಿಗಟ ಇಲ್ಲ ಎಂದು ಒಮ್ಮೆಯೂ ವಾದಿಸಲಿಲ್ಲ. ನನ್ನ ಮಟ್ಟಿಗೆ ಈ ಪ್ರಕರಣದ ಮೊದಲ ತಿರುವು ಇದು. ಮುಂದಿನ ತಿಂಗಳುಗಳಲ್ಲಿ ಮನೆಯವರು ಮಾಡಬೇಕಿದ್ದ ಕೆಲಸ ಬೇಸರ ತರಿಸುವಂಥದ್ದು. ಕಣ್ಣಾರೆ ಕಂಡದ್ದಕ್ಕೇ ಅದನ್ನು ಕೊನೆತನಕ ಮಾಡಿದರು.

ಅದೇ ಹೊತ್ತಿಗೆ ಗುದದ ಹತ್ತಿರದ ಕೂದಲಲ್ಲಿ ಅಕ್ಕಿ ಕಾಳಿನಂಥ ಒಣ ತುಣುಕುಗಳು ಸಿಕ್ಕವು. ಲಾಡಿಹುಳುವಿನ ತುಂಡುಗಳು. ಈ ಹುಳುವಿನ ಮೊಟ್ಟೆಯನ್ನು ಚಿಗಟದ ಮರಿ ತಿನ್ನುತ್ತದೆ, ಆ ಚಿಗಟವನ್ನು ಬೆಕ್ಕು ನುಂಗುತ್ತದೆ, ಹೊಟ್ಟೆಯಲ್ಲಿ ಹುಳು ಬೆಳೆಯುತ್ತದೆ. ಅದಕ್ಕೆ ಪ್ರಾಜಿಕ್ವಾಂಟೆಲ್ ಮಾತ್ರೆ. ಆದರೆ ಚಿಗಟ ಹೋಗದೆ ಲಾಡಿಹುಳು ಪೂರ್ತಿ ಹೋಗುವುದಿಲ್ಲ, ಎರಡೂ ಒಟ್ಟಿಗೆ ಹೋಗಬೇಕು.

ಏನು ಮಾಡುವುದು, ಏನು ಬಿಡುವುದು

ಮನೆಯವರಿಗೆ ನಾನು ಮೊದಲು ಹೇಳಿದ್ದು ಲೆಕ್ಕ. ಒಂದು ಮನೆಯಲ್ಲಿರುವ ಚಿಗಟದ ಒಟ್ಟು ಸಂಸಾರದಲ್ಲಿ ಬೆಕ್ಕಿನ ಮೈಮೇಲೆ ಇರುವುದು ಸುಮಾರು 5% ಮಾತ್ರ. ಉಳಿದ 95% ಮೊಟ್ಟೆ, ಮರಿಹುಳು, ಗೂಡುಕಟ್ಟಿದ ಹುಳು ಆಗಿ ಮನೆಯಲ್ಲೇ ಇರುತ್ತದೆ. ಹೆಣ್ಣು ಚಿಗಟ ರಕ್ತ ಕುಡಿದ ಒಂದೆರಡು ದಿನದಲ್ಲೇ ಮೊಟ್ಟೆ ಇಡಲು ಶುರುಮಾಡುತ್ತದೆ, ದಿನಕ್ಕೆ 40ರಿಂದ 50ರವರೆಗೂ ಇಡಬಲ್ಲದು. ಮೊಟ್ಟೆಗೆ ಅಂಟಿಲ್ಲ. ಬೆಕ್ಕು ಹೋದಲ್ಲೆಲ್ಲ ಉದುರುತ್ತವೆ. ಮರಿಹುಳು ಬೆಳಕಿಗೆ ಹೆದರಿ ಬಿರುಕು, ಮಂಚದ ಕೆಳಗು, ಸೋಫಾದ ಸಂದು ಸೇರುತ್ತದೆ. ಅಲ್ಲಿ ಉದುರಿದ ಹಿಕ್ಕೆ ತಿಂದು ಬೆಳೆಯುತ್ತದೆ. ಗಾಳಿಯ ತೇವ 50%ಗಿಂತ ಕಡಿಮೆಯಾದರೆ ಅದು ಒಣಗಿ ಸಾಯುತ್ತದೆ. ಆದರೆ ನಮ್ಮದು ಮಳೆಗಾಲ. ಆ ಕಡೆಯಿಂದ ಸಹಾಯ ಸಿಗುವಂತಿರಲಿಲ್ಲ.

ಎಲ್ಲಕ್ಕಿಂತ ಗಟ್ಟಿ ಹಂತ ಗೂಡಿನದು. ಅಂಟು ನೂಲಿನ ಗೂಡಿಗೆ ಧೂಳು ಮೆತ್ತಿಕೊಂಡು ನೆಲದ ಬಣ್ಣಕ್ಕೇ ತಿರುಗುತ್ತದೆ. ಕೀಟನಾಶಕ ಅದರೊಳಗೆ ಹೋಗುವುದಿಲ್ಲ. ಒಳಗಿನ ಚಿಗಟ ತಿಂಗಳುಗಟ್ಟಲೆ ಕಾಯಬಲ್ಲದು. ಹೆಜ್ಜೆಯ ಅದುರು, ಮೈಶಾಖ, ಉಸಿರಿನ ಇಂಗಾಲದ ಡೈಆಕ್ಸೈಡ್ ತಾಗಿದರೆ ಹೊರಗೆ ಹಾರುತ್ತದೆ.

ಇದನ್ನು ಕೇಳಿದ ಕೂಡಲೇ ಮನೆಯವರಿಂದ ಎರಡು ಸಲಹೆ ಬಂದವು. ಎರಡಕ್ಕೂ ಬೇಡ ಎಂದೆ.

ಒಂದು, ಪೆಸ್ಟ್ ಕಂಟ್ರೋಲ್ ಕರೆಸುವುದು. ಬೇರೆ ಮನೆಯಾಗಿದ್ದರೆ, ಬೆಕ್ಕನ್ನು ಹೊರಗಿಟ್ಟು, ಪೂರ್ತಿ ಒಣಗಿದ ಮೇಲೆ ಒಳಗೆ ಬಿಡುವುದಾದರೆ ನಾನು ವಿರೋಧಿಸುವುದಿಲ್ಲ. ಆದರೆ ಅವರು ಕೇಳಿ ಬಂದಿದ್ದ ಸ್ಪ್ರೇ ಪರ್ಮೆಥ್ರಿನ್‌ನದೇ ಕುಟುಂಬದ್ದು. ಆಗಷ್ಟೇ ಆ ವಿಷದಿಂದ ಬದುಕಿ ಬಂದ ಬೆಕ್ಕಿರುವ ಮನೆಗೆ ಅದು ಬೇಡ ಅನಿಸಿತು. ಗೂಡುಗಳಂತೂ ಅದರಿಂದಲೂ ಸಾಯುವುದಿಲ್ಲ.

ಇನ್ನೊಂದು, ಚಿನ್ನಿಯನ್ನು ಸ್ವಲ್ಪ ದಿನ ನೆಂಟರ ಮನೆಗೆ ಕಳಿಸುವುದು. ಅವಳಿಲ್ಲದಿದ್ದರೆ ಹೊರಬಂದ ಚಿಗಟಕ್ಕೆ ಸಿಗುವುದು ಮಗಳು ಮತ್ತು ಅಜ್ಜಿ. ನೆಂಟರ ಮನೆಗೂ ಮೊಟ್ಟೆ ಹೋಗುತ್ತದೆ. ಸರಿಯಾದ ಔಷಧಿ ಹಾಕಿದ ಬೆಕ್ಕು ಮನೆಯಲ್ಲಿ ಓಡಾಡುತ್ತಿದ್ದರೆ, ಗೂಡಿನಿಂದ ಬಂದ ಚಿಗಟ ಅವಳ ಮೇಲೆ ಹಾರಿ ಅಲ್ಲೇ ಸಾಯುತ್ತದೆ. ಹಾಗಾಗಿ ಅವಳನ್ನು ಒಂದೇ ಕೋಣೆಯಲ್ಲಿ ಕೂಡಿಹಾಕುವುದೂ ಬೇಡ ಎಂದೆ.

ಔಷಧಿ ಹಾಕಲು ಅವಸರ ಮಾಡಲಿಲ್ಲ. ಬೆಕ್ಕಿಗೆಂದೇ ತಯಾರಾದ ಫಿಪ್ರೋನಿಲ್ ಮತ್ತು ಎಸ್-ಮೆಥೋಪ್ರೀನ್ ಇರುವ ಹನಿಯನ್ನು ಆರಿಸಿದೆ. ಮೊದಲನೆಯದು ದೊಡ್ಡ ಚಿಗಟವನ್ನು ಕೊಲ್ಲುತ್ತದೆ, ಎರಡನೆಯದು ಮೊಟ್ಟೆ ಒಡೆಯದಂತೆ ಮಾಡುತ್ತದೆ. ಫಿಪ್ರೋನಿಲ್ ಮೈಮೇಲೆ ಹರಡುವುದು ಚರ್ಮದ ಎಣ್ಣೆಯ ಮೂಲಕ. ಆ ರಾತ್ರಿ ಪಾತ್ರೆ ಸೋಪಿನಿಂದ ತೊಳೆದು ಆ ಎಣ್ಣೆಯೆಲ್ಲ ಹೋಗಿತ್ತು, ಬೆಕ್ಕೂ ಸುಸ್ತಾಗಿತ್ತು. ಕೆಲವು ದಿನ ಬರೀ ಬಾಚಣಿಗೆ. ಬಾಚಿದ ಚಿಗಟವನ್ನು ಸೋಪು ನೀರಿನ ಬಟ್ಟಲಿಗೆ ಅದ್ದುವುದು, ಅಷ್ಟೇ. ಆಮೇಲೆ ನಾಲಿಗೆಗೆ ಸಿಗದಂತೆ ತಲೆಯ ಹಿಂದೆ, ಕುತ್ತಿಗೆಯ ಬುಡದಲ್ಲಿ ಕೂದಲು ಬಿಡಿಸಿ ಚರ್ಮದ ಮೇಲೆ ಹನಿ ಹಾಕಿದೆವು. ತಿಂಗಳಿಗೊಮ್ಮೆ ಹಾಕಬೇಕು, ಸ್ನಾನ ಬೇಡ.

ಮನೆಯ ಕೆಲಸ ಮನೆಯಾಕೆ ವಹಿಸಿಕೊಂಡರು. ಪೊರಕೆ ಬಿಟ್ಟು ವ್ಯಾಕ್ಯೂಮ್ ಕ್ಲೀನರ್ ಹಿಡಿದರು. ಪೊರಕೆ ಮೊಟ್ಟೆಯನ್ನು ಒಂದು ಮೂಲೆಯಿಂದ ಇನ್ನೊಂದಕ್ಕೆ ಚದುರಿಸುತ್ತದೆ. ವ್ಯಾಕ್ಯೂಮ್ ಮೊಟ್ಟೆ ಎಳೆದುಕೊಳ್ಳುತ್ತದೆ, ಅದರ ಅದುರಿಗೆ ಗೂಡಿನ ಚಿಗಟವೂ ಹೊರಬರುತ್ತದೆ, ಅದು ನಮಗೆ ಒಳ್ಳೆಯದೇ. ಚೀಲವನ್ನು ತಕ್ಷಣ ಕಟ್ಟಿ ಹೊರಗೆ ಹಾಕಬೇಕು. ಹಾಸು, ಹೊದಿಕೆ, ದಿಂಬಿನ ಕವರು, ಜಮಖಾನ ಎಲ್ಲ 60 ಡಿಗ್ರಿ ನೀರಿನಲ್ಲಿ. ಹತ್ತಿ ಹಾಸಿಗೆಯನ್ನು ತೊಳೆಯಲಾಗದು, ಬಿಸಿಲೂ ಇರಲಿಲ್ಲ. ಅದಕ್ಕೆ ಮೇಲೊಂದು ದಪ್ಪ ಕವರು ಹಾಕಿ, ಕವರನ್ನು ಮತ್ತೆ ಮತ್ತೆ ಒಗೆದರು. ನೆಲದ ಬಿರುಕುಗಳಿಗೆ ಸಿಮೆಂಟು ತುಂಬಿಸಿದರು. ಫಿನಾಯಿಲ್ ನಿಂತಿತು, ಬಿಸಿನೀರು ಮತ್ತು ಸ್ವಲ್ಪ ಸೋಪು ಸಾಕಾಯಿತು.

ಮತ್ತೆ ಚಿಗಟ

ಮೂರನೇ ವಾರದ ಹೊತ್ತಿಗೆ ಯಜಮಾನರ ಫೋನ್ ಬಂತು. "ಔಷಧಿ ಕೆಲಸ ಮಾಡ್ತಿಲ್ಲ ಡಾಕ್ಟ್ರೇ, ಮತ್ತೆ ಹುಳ ಕಾಣ್ತಿದೆ. ಇನ್ನೊಂದು ಟ್ಯೂಬ್ ಹಾಕ್ಲಾ?" ನನ್ನ ಅನುಭವದಲ್ಲಿ ಹೆಚ್ಚು ಮನೆಗಳು ಸೋಲುವುದು ಇಲ್ಲೇ. ಔಷಧಿ ಬದಲಿಸುತ್ತಾರೆ, ಒಂದರ ಮೇಲೊಂದು ಹಾಕುತ್ತಾರೆ, ಇಲ್ಲವೇ ಎಲ್ಲ ಬಿಟ್ಟುಬಿಡುತ್ತಾರೆ.

ಹಾಕಬೇಡಿ, ಮೊದಲು ಬಾಚಿ ನೋಡಿ, ಹುಳದ ಜೊತೆ ಕರಿ ಪುಡಿ ಎಷ್ಟು ಬರುತ್ತದೆ ಹೇಳಿ ಎಂದೆ. ಹುಳ ಬಂದವು, ಕೆಲವು ಸತ್ತಿದ್ದವು, ಕೆಲವು ಹಾರಲಾರದೆ ತೆವಳುತ್ತಿದ್ದವು. ಹಿಕ್ಕೆ ಹೆಚ್ಚುಕಡಿಮೆ ಇರಲೇ ಇಲ್ಲ. ಇದರರ್ಥ, ಈ ಚಿಗಟಗಳು ದಿನಗಟ್ಟಲೆ ಬೆಕ್ಕಿನ ಮೇಲೆ ಕೂತು ರಕ್ತ ಕುಡಿದವಲ್ಲ. ಹಳೇ ಗೂಡುಗಳಿಂದ ಆಗಷ್ಟೇ ಬಂದು, ಔಷಧಿ ತಾಗಿ ಸಾಯುತ್ತಿರುವವು. ಔಷಧಿ ಕೆಲಸ ಮಾಡುತ್ತಿದೆ. ಹುಳ ಕಂಡರೂ ಹಿಕ್ಕೆ ಕಡಿಮೆಯಾಗುತ್ತಿದ್ದರೆ ದಾರಿ ಸರಿಯಿದೆ. ಇಬ್ಬರೂ ಹಟ ಹಿಡಿದು ಅದೇ ದಾರಿಯಲ್ಲಿ ಉಳಿದೆವು. ಈ ಕೇಸಿನಲ್ಲಿ ತೆಗೆದುಕೊಂಡ ನಿರ್ಧಾರಗಳಲ್ಲಿ ನನಗೆ ಅತಿ ಮುಖ್ಯವಾದದ್ದು ಇದು.

ಆದರೂ ಒಂದು ಅನುಮಾನ ಉಳಿದಿತ್ತು. ಗೂಡುಗಳು ಖಾಲಿಯಾದಂತೆ ಚಿಗಟ ಇಳಿಯಬೇಕು. ಇಳಿಯುತ್ತಿದೆಯೇ, ಎಲ್ಲಿ ಇಳಿಯುತ್ತಿಲ್ಲ? ಅದನ್ನು ನೋಡಲು ಸುಲಭದ ಉಪಾಯ ಹೇಳಿದೆ. ರಾತ್ರಿ ಪ್ರತಿ ಕೋಣೆಯ ನೆಲದ ಮೇಲೆ ಅಗಲವಾದ ತಟ್ಟೆ, ಅದರಲ್ಲಿ ನೀರು, ಎರಡು ಹನಿ ಪಾತ್ರೆ ಸೋಪು, ಮೇಲೊಂದು ಸಣ್ಣ ದೀಪ. ಬೆಳಕು, ಶಾಖಕ್ಕೆ ಹಾರಿದ ಚಿಗಟ ಸೋಪು ನೀರಿನಲ್ಲಿ ಮುಳುಗುತ್ತದೆ. ಇದರಿಂದ ಚಿಗಟ ಹೋಗುವುದಿಲ್ಲ, ಎಲ್ಲಿದೆ ಎಂದು ಗೊತ್ತಾಗುತ್ತದೆ.

ಈ ಕೆಲಸವನ್ನು ಮಗಳು ತೆಗೆದುಕೊಂಡಳು. ಲೆಕ್ಕದ ಪುಸ್ತಕದಲ್ಲಿ ಮನೆಯ ನಕ್ಷೆ ಬರೆದು, ಬೆಳಿಗ್ಗೆ ಶಾಲೆಗೆ ಹೋಗುವ ಮೊದಲು ಪ್ರತಿ ತಟ್ಟೆ ನೋಡಿ ಸಂಖ್ಯೆ ಬರೆಯುತ್ತಿದ್ದಳು. ಹಾಲ್‌ನಲ್ಲಿ ಇಳಿಯಿತು. ಚಿನ್ನಿ ಮಲಗುವ ಕೋಣೆಯಲ್ಲೂ ಇಳಿಯಿತು. ಸಾಮಾನು ಕೋಣೆಯಲ್ಲಿ ಮಾತ್ರ ಇಳಿಯಲೇ ಇಲ್ಲ. ಚಿನ್ನಿ ಅಲ್ಲಿಗೆ ಹೋಗುತ್ತಿದ್ದದ್ದೇ ಕಡಿಮೆ.

ಗೋಣಿಚೀಲ

ಆ ಪುಸ್ತಕ ನೋಡಿದ ಮೇಲೆ ನಾನೇ ಮನೆಗೆ ಹೋದೆ. ಸಾಮಾನು ಕೋಣೆಯಲ್ಲಿ ಅಕ್ಕಿ ಡಬ್ಬ, ತೆಂಗಿನಕಾಯಿ, ಗೋಡೆಗೆ ಒರಗಿಸಿ ಮಡಚಿಟ್ಟ ಒಂದು ಗೋಣಿಚೀಲ. ಇದು ಯಾವುದಕ್ಕೆ ಎಂದು ಕೇಳಿದೆ. ಹಿತ್ತಿಲ ಬಾಗಿಲ ಆಚೆ ಕಾಲೊರೆಸಲು ಹಾಕುವುದಂತೆ. "ಮಳೇಲಿ ನೆನೆದ್ರೆ ನಾಲ್ಕು ದಿನ ಒಣಗಲ್ಲ ಡಾಕ್ಟ್ರಮ್ಮ, ಅದಕ್ಕೇ ಸಂಜೆ ಒಳಗೆ ತಂದಿಡ್ತೀನಿ" ಎಂದರು ಅಜ್ಜಿ. ಹಗಲಲ್ಲಿ ಅದರ ಮೇಲೆ ಯಾರು ಮಲಗುತ್ತಾರೆ ಎಂದು ಕೇಳಿದೆ. ಅಜ್ಜಿ ಒಂದು ಕ್ಷಣ ಸುಮ್ಮನಾದರು. ಬೀದಿಯ ಬೂದು ಬೆಕ್ಕೊಂದು ಮಧ್ಯಾಹ್ನ ಊಟಕ್ಕೆ ಬರುತ್ತಿತ್ತು. ಅಜ್ಜಿಯೇ ಅನ್ನ ಹಾಕುತ್ತಿದ್ದರು. ತಿಂದಾದ ಮೇಲೆ ಅದೇ ಗೋಣಿಚೀಲದ ಮೇಲೆ ಸಂಜೆತನಕ ನಿದ್ದೆ.

ಚೀಲವನ್ನು ಬಿಳಿ ಹಾಸಿನ ಮೇಲೆ ಕೊಡವಿದೆವು. ಕರಿ ಪುಡಿಯ ನಡುವೆ ಸಣ್ಣ ಬಿಳಿ ಮೊಟ್ಟೆಗಳು, ಒಂದೆರಡು ನೂಲಿನಂಥ ಮರಿಹುಳು. ಬೀದಿ ಬೆಕ್ಕಿನ ಹಾಸಿಗೆ ಪ್ರತಿ ಸಂಜೆ ಮನೆಯೊಳಗೆ ಬರುತ್ತಿತ್ತು. ಬೇಸಿಗೆಯಲ್ಲಿ ಅದು ಹೊರಗೇ ಬಿಸಿಲಿಗೆ ಒಣಗುತ್ತಿತ್ತು, ಆಗ ತೊಂದರೆ ಇರಲಿಲ್ಲ. ಮಳೆ ಶುರುವಾದ ಮೇಲೇ ಎಲ್ಲ ಶುರುವಾದದ್ದಕ್ಕೂ ಇದು ತಾಳೆಯಾಯಿತು.

ಅಜ್ಜಿಗೆ ಬಹಳ ನೋವಾಯಿತು. ನನ್ನಿಂದಲೇ ಮಗುವಿಗೆ ಕಚ್ಚಿತು ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಹಸಿದು ಬಂದ ಜೀವಕ್ಕೆ ಅನ್ನ ಹಾಕಿದ್ದರಲ್ಲಿ ತಪ್ಪಿಲ್ಲ. ಮೊದಲ ದಿನವೇ ಕರಿ ಪುಡಿ ಕಂಡುಹಿಡಿದವರೂ ಅವರೇ. ಇದನ್ನು ಮನೆಯವರೆಲ್ಲರ ಎದುರಿಗೇ ಹೇಳಿದೆ.

ಮುಂದೇನು ಅನ್ನುವಲ್ಲಿ ಎರಡು ಮಾತು ಬಂದವು. ಯಜಮಾನರು ಬೀದಿ ಬೆಕ್ಕಿಗೆ ಊಟ ನಿಲ್ಲಿಸೋಣ ಎಂದರು. ಅದಕ್ಕೆ ನಾನು ಒಪ್ಪಲಿಲ್ಲ. ಊಟ ನಿಲ್ಲಿಸಿದರೂ ಅದು ಅದೇ ಹಿತ್ತಿಲಲ್ಲಿ ಸುತ್ತುತ್ತದೆ, ಚಿಗಟ ಅಲ್ಲೇ ಉದುರುತ್ತದೆ. ಊಟಕ್ಕೆ ಬರುವ ಬೆಕ್ಕಿಗೆ ಔಷಧಿ ಹಾಕುವುದು ಸುಲಭ. ಅದು ತಲೆ ತಗ್ಗಿಸಿ ತಿನ್ನುವಾಗ ಮನೆಯಾಕೆ ಹಿಂದಿನಿಂದ ಕುತ್ತಿಗೆಗೆ ಹನಿ ಹಾಕಿದರು. ಮುಂದಿನ ತಿಂಗಳು ಬೋನಿಟ್ಟು ಹಿಡಿದು, ಆಪರೇಷನ್ ಮಾಡಿಸಿ, ಅಲ್ಲಿಗೇ ತಂದು ಬಿಟ್ಟೆವು. ಗೋಣಿಚೀಲ ಸುಟ್ಟರು. ಹೊರಗೆ ಹೊಸ ರಬ್ಬರ್ ಮ್ಯಾಟ್, ಅದು ಒಳಗೆ ಬರುವುದಿಲ್ಲ. ಬೀದಿ ಬೆಕ್ಕಿಗೆ ಹಳೇ ಟವೆಲ್ ಹಾಸಿದ ರಟ್ಟಿನ ಡಬ್ಬ. ಟವೆಲನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯುತ್ತಾರೆ.

ಮಹಡಿಯ ನಾಯಿಯನ್ನೂ ಬಾಚಿ ನೋಡಿದೆ. ಒಂದು ಹಿಕ್ಕೆಯೂ ಸಿಗಲಿಲ್ಲ. ಯಜಮಾನರು ಮೇಲೆ ಹೋಗಿ ಮಾತಾಡಿ ಬಂದರು.

ಆಮೇಲೆ

ಸಾಮಾನು ಕೋಣೆಯ ಸಂಖ್ಯೆ ಇಳಿಯಲು ಇನ್ನೂ ಕೆಲವು ವಾರ ಬೇಕಾಯಿತು. ಅಲ್ಲಿದ್ದ ಗೂಡುಗಳು ಖಾಲಿಯಾಗಬೇಕಲ್ಲ. ಸೆಪ್ಟೆಂಬರ್ ಹೊತ್ತಿಗೆ ಎಲ್ಲ ತಟ್ಟೆಗಳೂ ಖಾಲಿ. ಮಗಳ ಕಾಲಲ್ಲಿ ಹೊಸ ಗುಳ್ಳೆ ಇಲ್ಲ. ಚಿನ್ನಿಯ ಬಾಲದ ಬುಡದಲ್ಲಿ ಮೊದಲು ನಯವಾದ ಬೂದು ಕೂದಲು, ಆಮೇಲೆ ಬಿಳಿ ಕೂದಲು ಬಂತು. ಲಾಡಿಹುಳುವಿನ ತುಂಡು ಮತ್ತೆ ಕಾಣಲಿಲ್ಲ.

ಹನಿ ಔಷಧಿ ನಿಲ್ಲಿಸಬಹುದಾ ಎಂದು ಕೇಳಿದರು. ಬೇಡ ಎಂದೆ. ಹಿಮ ಬೀಳುವ ದೇಶಗಳಲ್ಲಿ ಚಳಿಗೆ ಹೊರಗಿನ ಮೊಟ್ಟೆ, ಮರಿ ಸಾಯುತ್ತವೆ. ಮೈಸೂರಿನಲ್ಲಿ ಅಂಥ ಚಳಿ ಎಲ್ಲಿದೆ? ಚಿಗಟಕ್ಕೆ ಹಿತವಾದ 20ರಿಂದ 30 ಡಿಗ್ರಿ ನಮ್ಮಲ್ಲಿ ವರ್ಷದ ಹೆಚ್ಚಿನ ದಿನ ಇರುತ್ತದೆ. ಚಿನ್ನಿಗೂ ಬೂದು ಬೆಕ್ಕಿಗೂ ತಿಂಗಳಿಗೊಮ್ಮೆ ಹನಿ ನಡೆಯುತ್ತಿದೆ.

ಈ ಪ್ರಕರಣದ ಮೇಲೆ ನಮ್ಮ ಕ್ಲಿನಿಕ್‌ನಲ್ಲಿ ಕೆಲವು ಪದ್ಧತಿ ಬದಲಾದವು. ಒಳಗಿನ ಬೆಕ್ಕು ತುರಿಸಿಕೊಳ್ಳುತ್ತಿದೆ ಎಂದು ಯಾರೇ ಬಂದರೂ ಮೊದಲು ಒದ್ದೆ ಹತ್ತಿಯ ಪರೀಕ್ಷೆ, ಅದೂ ಮನೆಯವರ ಕಣ್ಣೆದುರೇ. ಬೆಕ್ಕು ಹೊರಗೆ ಹೋಗುತ್ತದಾ ಎಂದು ಕೇಳಿ ಸುಮ್ಮನಾಗುವುದಿಲ್ಲ. ಹೊರಗಿನ ಏನೇನು ಒಳಗೆ ಬರುತ್ತದೆ ಎಂದೂ ಕೇಳುತ್ತೇವೆ: ಕಾಲೊರೆಸು, ಗೋಣಿಚೀಲ, ಹಳೇ ಸೋಫಾ, ಸೆಕೆಂಡ್ ಹ್ಯಾಂಡ್ ಕಾರ್ಪೆಟ್, ಬೇರೆ ಪ್ರಾಣಿ ಮುಟ್ಟಿ ಬಂದ ಬಟ್ಟೆ. ಹೊಸ ಬಾಡಿಗೆ ಮನೆಗೆ ಬಂದವರನ್ನು ಹಿಂದಿನವರು ನಾಯಿ, ಬೆಕ್ಕು ಸಾಕಿದ್ದರಾ, ಮನೆ ಎಷ್ಟು ದಿನ ಖಾಲಿ ಇತ್ತು ಎಂದು ಕೇಳುತ್ತೇವೆ. ಖಾಲಿ ಮನೆಯ ಗೂಡುಗಳು ಹೊಸಬರ ಹೆಜ್ಜೆಗೇ ಕಾಯುತ್ತಿರುತ್ತವೆ.

ಮನೆಯಲ್ಲಿ ನಾಯಿ, ಬೆಕ್ಕು ಎರಡೂ ಇದ್ದರೆ ನಾಯಿಗೆ ಹಾಕುವ ಔಷಧಿಯ ಹೆಸರನ್ನೂ ಬರೆಸಿಕೊಳ್ಳುತ್ತೇವೆ. ಪರ್ಮೆಥ್ರಿನ್ ಇರುವ ಹನಿ ಹಾಕಿದ ನಾಯಿಯ ಮೈಗೆ ಬೆಕ್ಕು ಒರಗಿ ಮಲಗಿದರೂ, ಅದನ್ನು ನೆಕ್ಕಿದರೂ ಅಪಾಯ. ಟ್ಯೂಬ್ ಕೊಳ್ಳುವ ಮೊದಲು ಅದರ ಫೋಟೋ ತೆಗೆದು ಕಳಿಸಿ ಎಂದು ಎಲ್ಲರಿಗೂ ಹೇಳುತ್ತೇವೆ. ರಾತ್ರಿ ಹನ್ನೊಂದಕ್ಕೆ ಕಳಿಸಿದರೂ ಪರವಾಗಿಲ್ಲ, ನೋಡಿ ಉತ್ತರ ಕೊಡುತ್ತೇವೆ.